ಬಾಗಿಲು ಹಾಕಿದ ಮೇಲೂ ಬರುವ ಗಾಳಿ

ಈ ಭಾಷಣ ಕೇಳುತ್ತಿರುವ ಕೆಲವರ ಮಗನೋ ಮಗಳೋ ಇಂಗ್ಲೆಂಡಿನ ಲೀಡ್ಸ್‌ನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರಬಹುದು. ಮಗಳ ಬಾಣಂತನಕ್ಕೆಂದು ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ ಬಂದ ತಾಯಂದಿರು ಒಂದು ಮಾತು ಹೇಳುವುದುಂಟು. ಒಳಗೆ ಹೀಟರು ಉರಿಯುತ್ತಿದೆ, ಕಿಟಕಿ ಮುಚ್ಚಿದೆ, ಮುಂಬಾಗಿಲಿಗೆ ಬೀಗ ಬಿದ್ದಿದೆ. ಆದರೂ ಕಾಲಬುಡದಲ್ಲಿ ತಣ್ಣನೆಯ ಗಾಳಿ ಹರಿಯುತ್ತಲೇ ಇರುತ್ತದೆ. ಗ್ಯಾಸ್ ಬಿಲ್ಲು ನೋಡಿದ ಅಳಿಯ ಥರ್ಮೋಸ್ಟಾಟ್ ತಗ್ಗಿಸುತ್ತಾನೆ, ಪಾದ ಮರಗಟ್ಟಿದ ಅತ್ತೆ ಅದನ್ನು ಏರಿಸುತ್ತಾರೆ. ಈ ಮೌನ ಜಗಳದ ಮೂಲ ಬಹಳ ಸಲ ಮುಂಬಾಗಿಲಿನ ಅಂಚಿನಲ್ಲಿರುತ್ತದೆ.

ಆ ಬಾಗಿಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲೆಂಡಿನ ಮನೆಗಳಲ್ಲಿ ಐದರಲ್ಲಿ ಸುಮಾರು ಒಂದು 1919ಕ್ಕಿಂತ ಮೊದಲು ಕಟ್ಟಿದ್ದು. ಅವುಗಳಲ್ಲಿ ಬಹಳಷ್ಟು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳು: ಒಂದಕ್ಕೊಂದು ಗೋಡೆ ಹಂಚಿಕೊಂಡ, ಬೀದಿಗೆ ನೇರವಾಗಿ ಬಾಗಿಲು ತೆರೆಯುವ ಇಟ್ಟಿಗೆಯ ಮನೆಗಳು. ಪೈನ್ ಮರದ ಹಳೆಯ ಕದ, ಅದರ ನಡುವೆ ಕಾಗದ ಹಾಕುವ ಕಿಂಡಿ, ಆರಪಾರ ಕಾಣುವ ಬೀಗದ ತೂತು, ಕೆಳಗೆ ಕಾಲು ಸವೆಸಿದ ಕಲ್ಲಿನ ಹೊಸ್ತಿಲು. ಕದಕ್ಕೂ ಚೌಕಟ್ಟಿಗೂ ನಡುವೆ ಸಂದು, ಚೌಕಟ್ಟಿಗೂ ಗೋಡೆಗೂ ನಡುವೆ ಇನ್ನೊಂದು ಸಂದು, ಮರ ಒಣಗಿ ಕುಗ್ಗಿದ್ದರಿಂದ ಹಲಗೆಯ ಕೂಡಿನಲ್ಲಿ ಮತ್ತೊಂದು. ಒಂದು ಬಾಗಿಲಿನಲ್ಲಿ ಗಾಳಿ ನುಗ್ಗುವ ಆರೇಳು ದಾರಿ.

ಸಂದು ಕಣ್ಣಿಗೆ ತೀರ ಚಿಕ್ಕದು, ಲೆಕ್ಕದಲ್ಲಿ ಹಾಗಲ್ಲ. ಎರಡು ಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಕದದ ಸುತ್ತಳತೆ 5.8 ಮೀಟರ್. ಸುತ್ತಲೂ ಮೂರೇ ಮಿಲಿಮೀಟರ್ ಸಂದಿದ್ದರೆ ಒಟ್ಟು ತೆರಪು ಸುಮಾರು 174 ಚದರ ಸೆಂಟಿಮೀಟರ್. ಬಾಗಿಲಿನ ನಡುವೆ 13 ಸೆಂಟಿಮೀಟರಿನ ಒಂದು ಚೌಕ ಕತ್ತರಿಸಿ ತೆಗೆದಷ್ಟು. ಹಾಗೆ ಕತ್ತರಿಸಿದ ಬಾಗಿಲನ್ನು ಚಳಿಗಾಲದಲ್ಲಿ ಯಾರೂ ಒಂದು ದಿನ ಸಹಿಸುವುದಿಲ್ಲ. ಅಂಚಿನಲ್ಲಿ ಹಂಚಿಹೋಗಿರುವುದರಿಂದ ಅದೇ ತೂತನ್ನು ಇಡೀ ಆಯುಷ್ಯ ಸಹಿಸುತ್ತಾರೆ.

ಈ ಲೆಕ್ಕವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಹೊರಗೆ 5 ಡಿಗ್ರಿ, ಒಳಗೆ 20 ಡಿಗ್ರಿ, ಬಾಗಿಲಿನ ಎರಡು ಬದಿಯ ನಡುವೆ 2 ಪಾಸ್ಕಲ್‌ನಷ್ಟು ಅಲ್ಪ ಒತ್ತಡದ ವ್ಯತ್ಯಾಸ, ಸಂದಿಗೆ ಯಾವ ತಡೆಯೂ ಇಲ್ಲ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 60 ಘನ ಮೀಟರ್ ಗಾಳಿ ಒಳಬರುತ್ತದೆ. ಒಂದು ದೊಡ್ಡ ಕೋಣೆ ತುಂಬುವಷ್ಟು ಗಾಳಿ ಅದು. ಅದನ್ನು ಬೆಚ್ಚಗೆ ಮಾಡಲು ಸುಮಾರು 300 ವ್ಯಾಟ್ ಶಾಖ ಎಡೆಬಿಡದೆ ಬೇಕು. ಬೀಗ ಹಾಕಿದ ಬಾಗಿಲಿನ ಖರ್ಚು ಇದು.

ಇಷ್ಟು ಸಂದುಗಳಿರುವ ಮನೆಯನ್ನು ಕಟ್ಟಿದವರು ದಡ್ಡರಾಗಿದ್ದರೇ? ಖಂಡಿತ ಇಲ್ಲ. ಆ ಮನೆಗಳ ಬಹುತೇಕ ಕೋಣೆಗಳಲ್ಲಿ ಕಲ್ಲಿದ್ದಲಿನ ಅಗ್ಗಿಷ್ಟಿಕೆ ಇತ್ತು. ಬೆಂಕಿ ಉರಿಯಲು ಗಾಳಿ ಬೇಕು, ಹೊಗೆ ಮೇಲಕ್ಕೆ ಹೋಗಲು ಅದಕ್ಕಿಂತ ಎಷ್ಟೋ ಪಟ್ಟು ಗಾಳಿ ಬೇಕು. ಆ ಗಾಳಿ ಬರುತ್ತಿದ್ದುದೇ ಬಾಗಿಲು ಕಿಟಕಿಗಳ ಸಂದಿನಿಂದ. ಸಂದು ಮುಚ್ಚಿದರೆ ಹೊಗೆ ಕೋಣೆಗೇ ಮರಳುತ್ತಿತ್ತು. ಅಂದರೆ ಆ ಸಂದಿಗೆ ಒಂದು ಕೆಲಸವಿತ್ತು.

ಅದಕ್ಕೆ ತೆತ್ತ ಬೆಲೆಯನ್ನು ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲೇ ಬರೆದಿಟ್ಟಿದ್ದಾನೆ. ತಾನು ರೂಪಿಸಿದ ಕಬ್ಬಿಣದ ಒಲೆಯನ್ನು ವಿವರಿಸಲು ಫಿಲಡೆಲ್ಫಿಯಾದಲ್ಲಿ ಅಚ್ಚುಹಾಕಿಸಿದ ಕಿರುಹೊತ್ತಗೆಯಲ್ಲಿ, ತೆರೆದ ಅಗ್ಗಿಷ್ಟಿಕೆಯ ಶಾಖದ ಬಹುಪಾಲು ಚಿಮಣಿಯಲ್ಲಿ ಹೋಗುತ್ತದೆ, ಅದರ ಜಾಗಕ್ಕೆ ಪ್ರತಿಯೊಂದು ಬಿರುಕಿನಿಂದಲೂ ತಣ್ಣನೆಯ ಗಾಳಿ ನುಗ್ಗುತ್ತದೆ, ಬೆಂಕಿಯ ಮುಂದೆ ಕೂತವರಿಗೆ ಎದೆ ಸುಟ್ಟು ಬೆನ್ನು ಕೊರೆಯುತ್ತದೆ ಎಂಬ ಅರ್ಥದಲ್ಲಿ ದೂರಿದ. ಬ್ರಿಟನ್ನಿನ ಹಳೆಯ ಪೀಠೋಪಕರಣ ನೋಡಿದರೂ ಇದು ತಿಳಿಯುತ್ತದೆ. ಎತ್ತರದ ಬೆನ್ನಿನ, ಕಿವಿಯ ಪಕ್ಕಕ್ಕೆ ರೆಕ್ಕೆ ಚಾಚಿದ ಕುರ್ಚಿ, ನಾಲ್ಕು ಕಂಬದ ಮಂಚಕ್ಕೆ ದಪ್ಪ ಪರದೆ, ಮುಂಬಾಗಿಲಿನ ಒಳಬದಿಗೆ ನೆಲ ಮುಟ್ಟುವ ಉಣ್ಣೆಯ ತೆರೆ: ಎಲ್ಲವೂ ಸಂದಿಗಾಳಿಯಿಂದ ಮೈ ಕಾಯಲು ಹುಟ್ಟಿದ್ದು.

ಕಾಗದದ ಕಿಂಡಿಗೂ ಒಂದು ಚರಿತ್ರೆ ಇದೆ. 1840ರವರೆಗೆ ಬ್ರಿಟನ್ನಿನಲ್ಲಿ ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರು ಕೊಡುತ್ತಿದ್ದರು. ಅಂಚೆಯವನು ಬಾಗಿಲು ತಟ್ಟಿ, ಕಾದು, ಕಾಸು ಎಣಿಸಿಕೊಂಡು ಹೋಗಬೇಕಿತ್ತು. ರೋಲೆಂಡ್ ಹಿಲ್ ಎಂಬಾತನ ಅಂಚೆ ಸುಧಾರಣೆಯಿಂದ ಒಂದು ಪೆನ್ನಿಯ ಚೀಟಿ ಅಂಟಿಸಿದ ಪತ್ರ ಬರತೊಡಗಿದ ಮೇಲೆ ಕಾಯುವ ಅಗತ್ಯ ತಪ್ಪಿತು. ಬಾಗಿಲಿಗೆ ಕಿಂಡಿ ಕೊರೆಯುವ ರೂಢಿ ಹಬ್ಬಿತು. ಪತ್ರ ದಿನಕ್ಕೆ ಕೆಲವೇ ಸಲ ಬರುತ್ತಿತ್ತು. ಗಾಳಿ ಇಡೀ ದಿನ.

ಆಮೇಲೆ ಕಾಲ ಬದಲಾಯಿತು. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಐದು ದಿನ ಮುಸುಕಿದ ಕಲ್ಲಿದ್ದಲ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. 1967ರಿಂದ ಹತ್ತು ವರ್ಷ ಮನೆಮನೆಯ ಒಲೆಗಳನ್ನು ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಿಸಲಾಯಿತು. 1970ರ ಆಸುಪಾಸಿನಲ್ಲಿ ಮೂರು ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಇದ್ದ ಕೇಂದ್ರೀಯ ತಾಪನ ಈಗ ಬಹುತೇಕ ಎಲ್ಲ ಮನೆಗಳಲ್ಲೂ ಇದೆ. ಅಗ್ಗಿಷ್ಟಿಕೆ ಹೋಯಿತು. ಅದಕ್ಕೆ ಗಾಳಿ ಒದಗಿಸುತ್ತಿದ್ದ ಸಂದು ಹಾಗೇ ಉಳಿಯಿತು. ಕೆಲಸ ಕಳೆದುಕೊಂಡ ಮೇಲೂ ಸಂಬಳ ಎಣಿಸಿಕೊಳ್ಳುವ ನೌಕರನ ಹಾಗೆ ಅದು ಇಂದಿಗೂ ಗ್ಯಾಸ್ ಬಿಲ್ಲಿನಲ್ಲಿ ತನ್ನ ಪಾಲು ಪಡೆಯುತ್ತಿದೆ.

ಗಾಳಿಯನ್ನು ಒಳಕ್ಕೆ ತಳ್ಳುವುದು ಯಾವುದು? ಮುಖ್ಯವಾಗಿ ಮೂರು ಶಕ್ತಿಗಳು.

ಮೊದಲನೆಯದು ಬೀಸುವ ಗಾಳಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ಗೋಡೆಗೆ ಬಡಿದರೆ ಸುಮಾರು 15 ಪಾಸ್ಕಲ್ ಒತ್ತಡ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು, 60 ಪಾಸ್ಕಲ್. ಬಿರುಗಾಳಿಯ ರಾತ್ರಿ ಕಾಗದದ ಕಿಂಡಿಯ ಮುಚ್ಚಳ ಪಟಪಟ ಬಡಿದುಕೊಳ್ಳುವುದು ಇದರಿಂದ. ಎರಡನೆಯದು ಬಿಸಿಗಾಳಿ ಮೇಲೇರುವ ಗುಣ. ಬೆಚ್ಚಗಿನ ಗಾಳಿ ಮಹಡಿಯ ಮೆಟ್ಟಿಲು ಹತ್ತಿ, ಅಟ್ಟದ ಬಾಗಿಲಿನ ಸಂದಿನಿಂದಲೂ ಹಳೆಯ ಚಿಮಣಿಯಿಂದಲೂ ಹೊರಹೋಗುತ್ತದೆ. ಆ ಜಾಗ ತುಂಬಲು ಕೆಳಗಿನಿಂದ ತಣ್ಣನೆಯ ಗಾಳಿ ಬರಲೇಬೇಕು. ಅದಕ್ಕೇ ಹೊರಗೆ ಎಲೆ ಅಲುಗದಿದ್ದರೂ ಒಳಗೆ ಪಾದ ತಣ್ಣಗಾಗುತ್ತದೆ. ಮೂರನೆಯದು ಫ್ಯಾನು. ಇಂಗ್ಲೆಂಡಿನ ಕಟ್ಟಡ ನಿಯಮದ ಪ್ರಕಾರ ಅಡುಗೆಮನೆಯ ಗಾಳಿಯನ್ನು ಹೊರಹಾಕುವ ಫ್ಯಾನು ಒಲೆಯ ಮೇಲೆಯೇ ಇದ್ದರೆ ಸೆಕೆಂಡಿಗೆ 30 ಲೀಟರ್, ಬೇರೆ ಕಡೆ ಇದ್ದರೆ 60 ಲೀಟರ್ ಗಾಳಿ ಸೆಳೆಯಬೇಕು. ಅಲ್ಲಿನ ಕನ್ನಡದ ಮನೆಯಲ್ಲಿ ಒಗ್ಗರಣೆಯ ಘಾಟು ಹೊಗೆಸೂಚಕದ ಗಂಟೆ ಬಾರಿಸದಿರಲೆಂದು ಈ ಫ್ಯಾನು ಹಾಕಿದಾಗಲೆಲ್ಲ ಅಷ್ಟೇ ಗಾಳಿ ಎಲ್ಲಿಂದಲೋ ಒಳಬರುತ್ತದೆ. ಮುಂಬಾಗಿಲು ಅದಕ್ಕೆ ಸುಲಭದ ದಾರಿ.

ಇದರಿಂದ ಮೊದಲ ಪಾಠ ಸಿಗುತ್ತದೆ: ಬಾಗಿಲೊಂದನ್ನೇ ಬಿಗಿ ಮಾಡಿದರೆ ಸಾಲದು, ಮೇಲಿನ ದಾರಿಯನ್ನೂ ನೋಡಬೇಕು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮನೆಗಳ ಶಾಖ ಎಲ್ಲಿ ಸೋರುತ್ತದೆಂದು ಹುಡುಕಿದಾಗ, ಕಣ್ಣಿಗೆ ಕಾಣುವ ಬಾಗಿಲು ಕಿಟಕಿಗಳಷ್ಟೇ ಅಲ್ಲದೆ ಗೋಡೆಯೊಳಗಿಂದ ಅಟ್ಟಕ್ಕೆ ಹೋಗುವ ಗುಪ್ತ ದಾರಿಗಳೂ ಸಿಕ್ಕವು. ಅಟ್ಟದ ಬಾಗಿಲಿಗೆ ಒಂದು ಸ್ಪಂಜಿನ ಪಟ್ಟಿ ಅಂಟಿಸಿದರೆ ಮುಂಬಾಗಿಲಿನ ಸೆಳೆತ ಕಡಿಮೆಯಾಗುವುದು ಹೀಗೆ.

ಸೋರಿಕೆ ಅಳೆಯುವ ಯಂತ್ರವೂ ಬಾಗಿಲಿಗೇ ಕೂರುತ್ತದೆ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಕಿಟಕಿಗೆ ಫ್ಯಾನು ಕೂರಿಸಿ ಮನೆಯ ಸೋರಿಕೆ ಅಳೆಯುವ ಪದ್ಧತಿ ಬಂತು. ಮುಂದೆ ಅದು ಬಾಗಿಲಿಗೆ ಬಂತು. ಮುಂಬಾಗಿಲಿನ ಚೌಕಟ್ಟಿಗೆ ಬಟ್ಟೆಯ ತೆರೆ ಬಿಗಿದು, ಅದರ ನಡುವಿನ ಫ್ಯಾನಿನಿಂದ ಗಾಳಿ ಹೊರಸೆಳೆದು, ಒಳಹೊರಗಿನ ವ್ಯತ್ಯಾಸವನ್ನು 50 ಪಾಸ್ಕಲ್‌ಗೆ ತರುತ್ತಾರೆ. ಸೆಕೆಂಡಿಗೆ 9 ಮೀಟರ್ ವೇಗದ ಗಾಳಿ ಎಲ್ಲ ಕಡೆಯಿಂದ ಒಟ್ಟಿಗೆ ಬೀಸಿದಷ್ಟು ಒತ್ತಡ ಅದು. ಆಗ ಫ್ಯಾನು ಎಷ್ಟು ಗಾಳಿ ಸಾಗಿಸಬೇಕಾಯಿತೋ ಅಷ್ಟು ಸೋರಿಕೆ. ಇಂಗ್ಲೆಂಡಿನ 2021ರ ನಿಯಮದಂತೆ ಹೊಸ ಮನೆಯ ಹೊರಮೈಯ ಪ್ರತಿ ಚದರ ಮೀಟರಿಗೆ ಗಂಟೆಗೆ 8 ಘನ ಮೀಟರ್ ಮೀರಬಾರದು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ, ತೀರ ಕಡಿಮೆ ತಾಪನದಲ್ಲೇ ಬೆಚ್ಚಗಿರುವ ಮೊದಲ ಪ್ಯಾಸಿವ್ ಮನೆಗಳಿಂದ ಬೆಳೆದ ಮಾನದಂಡ ಇನ್ನೂ ಬಿಗಿ: ಅದೇ ಒತ್ತಡದಲ್ಲಿ ಇಡೀ ಮನೆಯ ಗಾಳಿ ಗಂಟೆಗೆ 0.6 ಪಾಲಿಗಿಂತ ಹೆಚ್ಚು ಬದಲಾಗಬಾರದು.

ಮನೆಯವರಿಗೆ ಅಷ್ಟೆಲ್ಲ ಬೇಕಿಲ್ಲ. ಮೈಸೂರಿನ ಒಂದು ಊದುಬತ್ತಿ ಸಾಕು. ಗಾಳಿ ಬೀಸುವ ದಿನ ನೋಡಿಕೊಂಡು, ಕಿಟಕಿ ಮುಚ್ಚಿ, ಅಡುಗೆಮನೆಯ ಫ್ಯಾನು ಹಾಕಿ, ಹೊತ್ತಿಸಿದ ಬತ್ತಿಯನ್ನು ಬಾಗಿಲಿನ ಅಂಚಿನ ಉದ್ದಕ್ಕೂ ನಿಧಾನ ಒಯ್ಯಬೇಕು. ಹೊಗೆ ನೆಟ್ಟಗೆ ಏರಿದರೆ ಅಲ್ಲಿ ತೊಂದರೆ ಇಲ್ಲ. ಒಳಕ್ಕೆ ಬಾಗಿದರೆ, ನಡುಗಿದರೆ ಅಲ್ಲೊಂದು ಪೆನ್ಸಿಲ್ ಗುರುತು. ಪರದೆಯಿಂದ ಮಾತ್ರ ದೂರವಿರಬೇಕು. ಎರಡನೆಯ ಪರೀಕ್ಷೆ ಕಾಗದದ್ದು: ಒಂದು ಚೀಟಿಯನ್ನು ಅಂಚಿನಲ್ಲಿಟ್ಟು ಬಾಗಿಲು ಹಾಕಿ ಎಳೆದರೆ, ಸಲೀಸಾಗಿ ಬಂದಲ್ಲಿ ಹಿಡಿತವಿಲ್ಲ. ಮೂರನೆಯದು ಸಂದಿನ ದಪ್ಪ ತಿಳಿಯಲು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ಕದ ಬಂದು ತಾಗುವ ಜಾಗದಲ್ಲಿಟ್ಟು ಬಾಗಿಲು ಒತ್ತಿ ತೆರೆದರೆ, ಚಪ್ಪಟೆಯಾದ ಹಿಟ್ಟಿನ ದಪ್ಪವೇ ಸಂದಿನ ದಪ್ಪ. ಮೇಲೆ, ಕೆಳಗೆ, ಬೀಗದ ಬಳಿ, ಕೀಲಿನ ಬಳಿ ಬೇರೆಬೇರೆ ಅಳತೆ ಸಿಗುವುದೇ ಹೆಚ್ಚು.

ಅಳತೆ ಸಿಕ್ಕ ಕೂಡಲೆ ಅಂಗಡಿಗೆ ಓಡಬಾರದು. ಮೊದಲು ಕದ ನೆಟ್ಟಗಿದೆಯೇ ನೋಡಬೇಕು. ಮೇಲಿನ ಕೀಲಿನ ಸ್ಕ್ರೂ ಸಡಿಲಾಗಿ ಕದ ಜೋತುಬಿದ್ದಿದ್ದರೆ ಯಾವ ಪಟ್ಟಿಯೂ ಉಪಯೋಗಕ್ಕೆ ಬರುವುದಿಲ್ಲ. ಸ್ಕ್ರೂ ಬಿಗಿ ಮಾಡಿ, ತೂತು ದೊಡ್ಡದಾಗಿದ್ದರೆ ಮರದ ಚಕ್ಕೆಗೆ ಗೋಂದು ಸವರಿ ತುಂಬಿ ಮತ್ತೆ ಹಾಕಬೇಕು. ಬೀಗದ ನಾಲಿಗೆ ಕೂರುವ ತಗಡನ್ನು ಒಂದೆರಡು ಮಿಲಿಮೀಟರ್ ಸರಿಸಿದರೆ ಕದ ಚೌಕಟ್ಟಿಗೆ ಒತ್ತಿ ಕೂರುತ್ತದೆ. ಪಿವಿಸಿ ಬಾಗಿಲುಗಳಲ್ಲಿ ಹಿಡಿಕೆ ಮೇಲೆತ್ತಿದಾಗ ಮೇಲೆ ಕೆಳಗೆ ಕೊಕ್ಕೆಗಳು ಹೊರಬಂದು ಕದವನ್ನು ಎಳೆದುಕೊಳ್ಳುತ್ತವೆ. ಹಿಡಿಕೆ ಎತ್ತದೆ ಬರಿದೇ ಬಾಗಿಲು ತಳ್ಳಿ ಬಿಡುವವರ ಮನೆಯಲ್ಲಿ ಕದದ ಮೇಲ್ಮೂಲೆ ಹೊರಕ್ಕೆ ಬಾಗಿ ಗಾಳಿ ಬರುತ್ತದೆ. ಅಲ್ಲಿ ರಿಪೇರಿಗೆ ಕಾಸು ಬೇಡ, ಕೈಯ ಅಭ್ಯಾಸ ಬದಲಾದರೆ ಸಾಕು.

ಇನ್ನು ಪಟ್ಟಿಗಳ ಸರದಿ. ತೀರ ಅಗ್ಗದ್ದು ಅಂಟಿಸುವ ಸ್ಪಂಜು. ಒಂದೆರಡು ಚಳಿಗಾಲದಲ್ಲಿ ಚಪ್ಪಟೆಯಾಗಿ, ಪುಡಿಯಾಗಿ ಉದುರುತ್ತದೆ. ಬಾಡಿಗೆ ಮನೆಗೆ ಸರಿ. ಅದಕ್ಕಿಂತ ಬಾಳಿಕೆ ಬರುವುದು ಒಳಗೆ ಟೊಳ್ಳಾದ ರಬ್ಬರಿನ ಪಟ್ಟಿ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ಇ’, ‘ಪಿ’, ‘ಡಿ’ ಅಕ್ಷರದಂತೆ ಕಾಣುವುದರಿಂದ ಅಂಗಡಿಯಲ್ಲಿ ಅದೇ ಹೆಸರು. ತೆಳು ಸಂದಿಗೆ ‘ಇ’, ಮೂರರಿಂದ ಐದು ಮಿಲಿಮೀಟರಿಗೆ ‘ಪಿ’, ಅದಕ್ಕೂ ಹೆಚ್ಚಿಗೆ ‘ಡಿ’. ದಪ್ಪದ್ದನ್ನು ಅಂಟಿಸಿದರೆ ಹೆಚ್ಚು ಬೆಚ್ಚಗೆ ಎಂದು ತಿಳಿದವರು ಮರುದಿನ ಭುಜ ಕೊಟ್ಟು ಬಾಗಿಲು ಮುಚ್ಚುತ್ತಾರೆ, ಮೂರನೆಯ ದಿನ ಪಟ್ಟಿ ಕಿತ್ತು ಹಾಕುತ್ತಾರೆ. ಪಟ್ಟಿ ಅರ್ಧಕ್ಕೆ ಒತ್ತಿಕೊಂಡರೆ ಸಾಕು.

ಅಂಟಿಸುವ ಜಾಗವೂ ಮುಖ್ಯ. ಕದ ಬಂದು ತಾಗುವ ಚೌಕಟ್ಟಿನ ತಡೆಪಟ್ಟಿಯ ಮುಖಕ್ಕೆ ಅಂಟಿಸಬೇಕು. ಆಗ ಬಾಗಿಲು ಅದನ್ನು ಒತ್ತುತ್ತದೆ, ಉಜ್ಜುವುದಿಲ್ಲ. ಕೀಲಿನ ಬದಿಯಲ್ಲಿ ಮಾತ್ರ ಕದ ಪಕ್ಕದಿಂದ ಬರುವುದರಿಂದ ಪಟ್ಟಿಯನ್ನು ಚೌಕಟ್ಟಿನ ಪಕ್ಕೆಗೆ ಹಾಕಬೇಕು. ಮರ ಒಣಗಿರಬೇಕು, ಎಣ್ಣೆಜಿಡ್ಡು ಇರಬಾರದು. ಕೊರೆಯುವ ಚಳಿಯ ದಿನ ಅಂಟು ಹಿಡಿಯುವುದಿಲ್ಲ. ಹಳೆಯ ಬಣ್ಣ ಉಜ್ಜಿ ತೆಗೆಯುವ ಮುಂಚೆ ಎಚ್ಚರ ಬೇಕು. 1960ರ ದಶಕಕ್ಕಿಂತ ಹಿಂದೆ ಬಳಿದ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣ ಉಜ್ಜುಕಾಗದದಿಂದ ಏಳುವ ಆ ಧೂಳು, ಮನೆಯಲ್ಲಿ ಹಸುಗೂಸಿದ್ದರಂತೂ, ಸಂದಿಗಾಳಿಗಿಂತ ಅಪಾಯಕಾರಿ.

ಹಳೆಯ ಬಡಗಿಗಳು ಇಷ್ಟಪಡುವುದು ‘ವಿ’ ಆಕಾರಕ್ಕೆ ಮಡಿಚಿದ ಕಂಚಿನ ತಗಡಿನ ಪಟ್ಟಿ. ಸಣ್ಣ ಮೊಳೆ ಹೊಡೆದು ಚೌಕಟ್ಟಿನ ಪಕ್ಕೆಗೆ ಕೂರಿಸಿದರೆ ಅದು ಸ್ಪ್ರಿಂಗಿನಂತೆ ಕದಕ್ಕೆ ಒತ್ತಿ ನಿಲ್ಲುತ್ತದೆ. ದಶಕಗಟ್ಟಲೆ ಬಾಳುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಚರಿತ್ರೆಯ ಮಹತ್ವವಿರುವ ಕಟ್ಟಡಗಳ ರಕ್ಷಣೆಗೆ ಸಲಹೆ ನೀಡುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯೂ, ಹಳೆಯ ಬಾಗಿಲು ಕಿತ್ತೆಸೆಯುವ ಬದಲು ಅದರ ಸಂದು ಮುಚ್ಚುವುದಕ್ಕೆ ಮಾರ್ಗದರ್ಶಿ ಪ್ರಕಟಿಸಿದೆ.

ಹೆಚ್ಚು ಕಷ್ಟ ಕೊಡುವುದು ಬಾಗಿಲಿನ ಕೆಳಗಿನ ಸಂದು. ಮೂರು ಕಡೆ ಕದ ಚೌಕಟ್ಟಿಗೆ ಒತ್ತುತ್ತದೆ. ಕೆಳಗೆ ನೆಲದ ಮೇಲೆ ತೇಲುತ್ತದೆ. ಸುಲಭದ ಉಪಾಯ, ಕದದ ಒಳಬದಿಯ ಬುಡಕ್ಕೆ ಅಲ್ಯೂಮಿನಿಯಮ್ ಪಟ್ಟಿಯಲ್ಲಿ ಕೂರಿಸಿದ ಬ್ರಷ್. ನೆಲ ಏರುತಗ್ಗಾಗಿದ್ದರೂ ಎಳೆಗಳು ಹೊಂದಿಕೊಳ್ಳುತ್ತವೆ. ಒಳಗೆ ಕಂಬಳಿಹಾಸು ಇದ್ದರೆ ತಾನೇ ಇಳಿಯುವ ಪಟ್ಟಿ ಉತ್ತಮ: ಕದ ಮುಚ್ಚಿದಾಗ ಕೀಲಿನ ಬದಿಯ ಗುಬಟೊಂದು ಚೌಕಟ್ಟಿಗೆ ಒತ್ತಿ, ರಬ್ಬರು ನೆಲಕ್ಕಿಳಿಯುತ್ತದೆ, ತೆರೆದ ಕೂಡಲೆ ಮೇಲೇಳುತ್ತದೆ. ಹೊಸ್ತಿಲಿಗೇ ರಬ್ಬರಿನ ಉಬ್ಬು ಕೂರಿಸುವುದೂ ಉಂಟು. ಆದರೆ ಗಾಲಿಕುರ್ಚಿ ಬಳಸುವವರು, ಎಡವುವ ವಯಸ್ಸಿನವರು ಮನೆಯಲ್ಲಿದ್ದರೆ ಯೋಚಿಸಬೇಕು. ಇಂಗ್ಲೆಂಡಿನಲ್ಲಿ 1999ರಿಂದ ಹೊಸ ಮನೆಗಳ ಪ್ರವೇಶ ಹೊಸ್ತಿಲು ಗಾಲಿ ದಾಟುವಷ್ಟು ತಗ್ಗಾಗಿರಬೇಕೆಂಬ ನಿಯಮವಿದೆ. ಪಟ್ಟಿ ಕೂರಿಸಲು ಕದ ಕಳಚಬೇಕಾಗಿ ಬಂದರೆ ಆಗಲೇ ಅದರ ಬುಡದ ಅಂಚಿಗೆ ಬಣ್ಣ ಬಳಿಯುವುದು ಜಾಣತನ. ಸಾಮಾನ್ಯವಾಗಿ ಯಾರೂ ಬಳಿಯದ ಆ ಅಂಚೇ ನೀರು ಹೀರಿ ಮೊದಲು ಕೊಳೆಯುವುದು.

ಉಳಿದವು ಚಿಲ್ಲರೆ ಕೆಲಸ. ಕಾಗದದ ಕಿಂಡಿಗೆ ಒಳಬದಿಯಿಂದ ಎರಡು ಸಾಲು ಬ್ರಷ್ ಮತ್ತು ಮುಚ್ಚಳ. ಬೀಗದ ತೂತಿಗೆ ಜೋಲುವ ಪುಟ್ಟ ತಗಡು. ಚೌಕಟ್ಟು ಗೋಡೆ ಸೇರುವಲ್ಲಿ ಹೊರಗಿನಿಂದ ಸಿಲಿಕೋನ್. ಎಲ್ಲ ಸೇರಿ ಅರ್ಧ ದಿನದ ಕೆಲಸ. ಬಾಡಿಗೆಯವರಿಗೆ ಅಷ್ಟೂ ಬೇಡವಾದರೆ ಮರಳೋ ಹಳೆಯ ಬಟ್ಟೆಯೋ ತುಂಬಿದ ಉದ್ದ ದಿಂಬನ್ನು ಬಾಗಿಲ ಬುಡಕ್ಕೆ ಇಡುವುದು ಅಲ್ಲಿನ ಅಜ್ಜಿಯರ ಕಾಲದ ಉಪಾಯ. ಒಳಗಿದ್ದವರು ಮಾತ್ರ ಅದನ್ನು ಇಡಬಲ್ಲರು, ಬಾಗಿಲು ಹಾಕಿಕೊಂಡು ಹೊರಗೆ ಹೋಗುವವರು ಇಡಲಾರರು ಎಂಬುದೊಂದೇ ಅದರ ಕೊರತೆ. ಅಪಾರ್ಟ್‌ಮೆಂಟಿನ ಒಳಹಜಾರಕ್ಕೆ ತೆರೆಯುವ ಮುಂಬಾಗಿಲಿಗೆ ಮಾತ್ರ ಸ್ವಂತ ಪ್ರಯೋಗ ಸಲ್ಲದು. ಅದು ಬೆಂಕಿ ತಡೆಯುವ ಬಾಗಿಲು. ಶಾಖಕ್ಕೆ ಉಬ್ಬುವ ಪಟ್ಟಿ, ಹೊಗೆ ತಡೆಯುವ ಎಳೆ, ತಾನೇ ಮುಚ್ಚುವ ಸಲಕರಣೆ ಅದರಲ್ಲಿರುತ್ತವೆ. ದಪ್ಪ ಸ್ಪಂಜು ಅಂಟಿಸಿ ಬಾಗಿಲು ಪೂರ್ತಿ ಮುಚ್ಚದಂತಾದರೆ ನಷ್ಟ ಇಡೀ ಮಹಡಿಗೆ.

ಇಷ್ಟು ಹೊತ್ತು ಮುಚ್ಚುವ ಮಾತಾಯಿತು. ಯಾವುದನ್ನು ಮುಚ್ಚಬಾರದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಸೌದೆ, ಕಲ್ಲಿದ್ದಲು, ಗ್ಯಾಸಿನ ಬೆಂಕಿ ಇರುವ ಕೋಣೆಯ ಗೋಡೆಯಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ ಕಂಡರೆ ಅದನ್ನು ಮುಟ್ಟಕೂಡದು. ಉರಿಗೆ ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ, ಅಡುಗೆಯ ಗ್ಯಾಸ್ ಒಲೆಯೊಂದನ್ನು ಬಿಟ್ಟು, ಉರಿಯುವ ಸ್ಥಿರ ಉಪಕರಣವಿರುವ ಪ್ರತಿ ವಾಸದ ಕೋಣೆಗೂ ಇದರ ಎಚ್ಚರಿಕೆ ಗಂಟೆ ಕಡ್ಡಾಯ. ಗ್ಯಾಸ್ ಗೀಸರ್ ಇರುವ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಇದೇ ಅನಿಲದಿಂದ ಸತ್ತವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲೂ ಬಂದಿದೆ.

ಎರಡನೆಯ ಅಪಾಯ ನಿಧಾನದ್ದು. ನಾಲ್ವರ ಸಂಸಾರ ಉಸಿರಾಡಿ, ಬೇಯಿಸಿ, ಮಿಂದು, ಬಟ್ಟೆ ಒಣಗಿಸಿ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಮನೆಯ ಗಾಳಿಗೆ ಸೇರಿಸಬಲ್ಲದು. ಹೊರಹೋಗಲು ದಾರಿ ಇಲ್ಲದಿದ್ದರೆ ಆ ತೇವ ತಣ್ಣನೆಯ ಗೋಡೆಯ ಮೇಲೆ ಕೂತು ಬೂಷ್ಟು ಬೆಳೆಸುತ್ತದೆ. ಮ್ಯಾಂಚೆಸ್ಟರಿನ ಪಕ್ಕದ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆಯ ಫ್ಲ್ಯಾಟಿನ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡದ್ದೇ ಉಸಿರಾಟದ ಕಾಯಿಲೆಗೆ ಕಾರಣವೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ದೇಶ ತಲ್ಲಣಿಸಿತು. 2023ರ ಕಾಯ್ದೆಯಲ್ಲಿ ಸೇರಿ 2025ರ ಅಕ್ಟೋಬರಿನಿಂದ ಜಾರಿಗೆ ಬಂದಿರುವ ನಿಯಮಕ್ಕೆ ಆ ಮಗುವಿನದೇ ಹೆಸರು: ಸಾಮಾಜಿಕ ವಸತಿಯ ಮಾಲೀಕರು ತೇವ, ಬೂಷ್ಟಿನ ದೂರನ್ನು ಗೊತ್ತಾದ ಗಡುವಿನೊಳಗೆ ಪರಿಹರಿಸಲೇಬೇಕು.

ಹಾಗಾಗಿ ಮುಂಬಾಗಿಲು ಬಿಗಿ ಮಾಡುವವರು ಅದೇ ದಿನ ಬಚ್ಚಲಿನ ಫ್ಯಾನು ತಿರುಗುತ್ತಿದೆಯೇ, ಅದರ ಜಾಲರಿಯಲ್ಲಿ ಧೂಳು ಕಟ್ಟಿದೆಯೇ, ಕಿಟಕಿಯ ಮೇಲಂಚಿನ ಸಣ್ಣ ಗಾಳಿದ್ವಾರ ತೆರೆದಿದೆಯೇ ನೋಡಬೇಕು. ಬಳಸದ ಚಿಮಣಿಯನ್ನು ಉಣ್ಣೆಯ ಬಿರಡೆಯಿಂದ ತಡೆಯುವಾಗಲೂ ಸ್ವಲ್ಪ ಗಾಳಿಯಾಡಲು ಬಿಡುತ್ತಾರೆ. ಪೂರ್ತಿ ಮುಚ್ಚಿದರೆ ಇಟ್ಟಿಗೆಯೊಳಗೆ ತೇವ ನಿಲ್ಲುತ್ತದೆ. ಪ್ಯಾಸಿವ್ ಮನೆಯವರು ಮನೆಯನ್ನು ಅಷ್ಟು ಬಿಗಿಯಾಗಿ ಕಟ್ಟಿ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಕೂರಿಸುವುದು ಇದೇ ಕಾರಣಕ್ಕೆ. ಅವರ ಮನೆಗೆ ಗಾಳಿ ಕಡಿಮೆಯಲ್ಲ. ಎಲ್ಲಿಂದ, ಎಷ್ಟು ಎಂಬುದನ್ನು ಮನೆಯವರು ತೀರ್ಮಾನಿಸುತ್ತಾರೆ, ಅಷ್ಟೆ.

ಕರ್ನಾಟಕದಲ್ಲಿ ಕೂತು ಕೇಳುವವರಿಗೆ ಇದೆಲ್ಲ ದೂರದ ಚಳಿಯ ಸಂಗತಿ ಎನ್ನಿಸಬಹುದು. ಆದರೆ ಬಾಗಿಲ ಬುಡದ ಸಂದು ಇಲ್ಲಿಯೂ ಇದೆ, ಬರುವ ಅತಿಥಿಗಳು ಬೇರೆ: ಧೂಳು, ಇರುವೆ, ಜಿರಲೆ, ಸಂಜೆಯ ಸೊಳ್ಳೆ. ಹಳೆಯ ಮನೆಗಳ ಎತ್ತರದ ಮರದ ಹೊಸ್ತಿಲಿಗೆ ಕದ ಒತ್ತಿ ನಿಲ್ಲುತ್ತಿತ್ತು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹೊಸ್ತಿಲು ಕುಗ್ಗಿ ಕುಂಕುಮ ಇಡುವಷ್ಟಕ್ಕೆ ಉಳಿದಿದೆ, ಒಳಕೋಣೆಗಳಲ್ಲಿ ಅದೂ ಇಲ್ಲ. ಕದಕ್ಕೂ ಟೈಲ್ಸಿಗೂ ನಡುವೆ ಬೆರಳು ತೂರುವ ಜಾಗ. ಮಲೆನಾಡು, ಕರಾವಳಿಗಳಲ್ಲಿ ಇನ್ನೊಂದು ತಾಪತ್ರಯ: ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ. ಆಷಾಢದಲ್ಲಿ ಅಂಚು ಕೀಸಿಸಿದ ಬಾಗಿಲು ಫಾಲ್ಗುಣದ ಬಿಸಿಲಿಗೆ ಕುಗ್ಗಿ ಸಂದು ಬಿಡುತ್ತದೆ. ಅನುಭವಸ್ಥ ಬಡಗಿ ಮಳೆ ಪೂರ್ತಿ ನಿಲ್ಲುವವರೆಗೆ ಕಾಯಲು ಹೇಳುವುದು ಸುಮ್ಮನೆ ಅಲ್ಲ. ಕಚ್ಚಿಕೊಂಡ ಬಾಗಿಲಿಗೆ ಒಂದು ತಿಂಗಳು ತಡೆದರೆ ಮರ ತಾನೇ ಜಾಗ ಕೊಡುವುದೂ ಉಂಟು.

ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಏ.ಸಿ. ಹಾಕಿದ ಕೋಣೆಯಲ್ಲಂತೂ ಲೀಡ್ಸ್‌ನ ಭೌತವಿಜ್ಞಾನ ತಲೆಕೆಳಗಾಗಿ ನಡೆಯುತ್ತದೆ. ತಂಪುಗಾಳಿ ಭಾರ, ನೆಲಕ್ಕಿಳಿದು ಬಾಗಿಲ ಬುಡದಿಂದ ಹೊರಕ್ಕೆ ಹರಿದುಹೋಗುತ್ತದೆ, ಮೇಲಿನ ವೆಂಟಿಲೇಟರಿನ ಸಂದಿನಿಂದ ಬಿಸಿಗಾಳಿ ಒಳಬರುತ್ತದೆ. ಕೋಣೆಯ ಹೊರಗೆ ಬಾಗಿಲ ಬುಡದಲ್ಲಿ ಬರಿಗಾಲಲ್ಲಿ ನಿಂತವರಿಗೆ ಇದು ತಕ್ಷಣ ತಿಳಿಯುತ್ತದೆ. ಮಂಗಳೂರಿನಲ್ಲಾದರೆ ಒಳಬರುವ ಗಾಳಿಯ ತೇವವನ್ನು ನೀರಾಗಿಸುವ ಕೆಲಸವೂ ಯಂತ್ರದ ತಲೆಗೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಏ.ಸಿ.ಗಳು ಆರಂಭದಲ್ಲಿ 24 ಡಿಗ್ರಿಗೆ ನಿಗದಿಯಾಗಿ ಬರುತ್ತವೆ; ಬುಡದ ಸಂದು ಹಾಗೇ ಇದ್ದರೆ ಆ 24 ಸಾಲದೆ ರಿಮೋಟು 18ಕ್ಕೆ ಇಳಿಯುತ್ತದೆ. ಕದದ ಕೆಳಗೆ ಎರಡು ಬದಿಗೂ ಸ್ಪಂಜಿನ ಸುರುಳಿ ಬರುವ ಡೋರ್ ಗಾರ್ಡ್ ಈಗ ಸಣ್ಣ ಊರುಗಳ ಅಂಗಡಿಗಳಲ್ಲೂ ಸಿಗುತ್ತದೆ. ಕತ್ತರಿಯಿಂದ ಅಳತೆಗೆ ಕತ್ತರಿಸಿ ತೂರಿಸಿದರೆ ಕೆಲಸ ಮುಗಿಯಿತು. ಬೆಳಗ್ಗೆ ಎದ್ದ ಮೇಲೆ ಕಿಟಕಿ ತೆರೆದು ರಾತ್ರಿಯ ಗಾಳಿ ಬದಲಿಸುವುದು ಮಾತ್ರ ಮರೆಯಬಾರದು.

ಒಂದು ಡೋರ್ ಗಾರ್ಡ್ ತಂದವರು ನಾಲ್ಕು ತರುತ್ತಾರೆ, ಮನೆಯ ಎಲ್ಲ ಬಾಗಿಲಿಗೂ ತೂರಿಸುತ್ತಾರೆ. ಸಿಲಿಂಡರ್ ಇರುವ ಅಡುಗೆಮನೆಯ ಬಾಗಿಲನ್ನು ಅವರು ಬಿಡಬೇಕು, ಅದರಲ್ಲೂ ಹಿತ್ತಲಿಗೆ ತೆರೆಯುವ ಬಾಗಿಲನ್ನು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಕಿಟಕಿ ಮುಚ್ಚಿ ಮಲಗಿದ ರಾತ್ರಿ ಅದು ಹೊರಹೋಗಲು ಉಳಿದಿರುವ ದಾರಿಗಳಲ್ಲಿ ಹಿತ್ತಲ ಬಾಗಿಲ ಬುಡದ ಆ ಸಂದೂ ಒಂದು. ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದಕ್ಕೆ ಮೇಲಿನ ವೆಂಟಿಲೇಟರ್ ತೆರೆದಿರಬೇಕು. ಜಿರಲೆಯ ಕಾಟ ತಪ್ಪಿಸಲೇಬೇಕೆಂದರೆ ಹಿತ್ತಲ ಬಾಗಿಲ ಸಂದಿಗೆ ಸ್ಪಂಜಿನ ಬದಲು ಸಣ್ಣ ಕಣ್ಣಿನ ತಂತಿಜಾಲರಿಯ ಪಟ್ಟಿಯನ್ನು ಬಡಗಿಯಿಂದ ಹೊಡೆಸಬಹುದು. ಹುಳ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ.